ಬರ್ಲಿನ್ ನಗರವೂ ‘ಸಲಿಂಗಾನುರಾಗಿ’ ಎಂಬ ಸಂಜ್ಞೆಯ ಉದಯವೂ

ಉಪೋದ್ಘಾತ

ಶಬ್ದಗಳು ಅರ್ಥದಲ್ಲಿ ಪ್ರವರ್ತಿಸುವ ಬಗೆ ನಾಲ್ಕೆಂದು ಮಹಾಭಾಷ್ಯಕಾರನಾದ ಪತಂಜಲಿಯು ವಿಭಾಗಿಸಿದ್ದಾನೆ. ಜಾತಿಶಬ್ದ, ಗುಣಶಬ್ದ, ಕ್ರಿಯಾಶಬ್ದ, ಯದೃಚ್ಛಾಶಬ್ದ ಎಂಬಿವೇ ಆ ನಾಲ್ಕು. ಇಲ್ಲಿ ಜಾತಿಯೆಂದರೆ ಕುಲವಲ್ಲ. ಅನೇಕ ವ್ಯಕ್ತಿಗಳಲ್ಲಿ ಅನುಗತವಾಗಿರುವ ಸಾಮಾನ್ಯಧರ್ಮ. ಮನುಷ್ಯನೊಬ್ಬನನ್ನು ಅವನು ಮಾಡಿದ ಕ್ರಿಯೆಯಿಂದ ಹೆಸರಿಸುವುದಕ್ಕೂ ಅವನು ಸೇರಿದ ವರ್ಗದಿಂದ ಹೆಸರಿಸುವುದಕ್ಕೂ ಬಹಳ ಅಂತರವುಂಟು. ‘ಹಾಡಿದವನು’ ಎಂದರೆ ಒಂದು ವ್ಯಾಪಾರವು ನಡೆದುಹೋಯಿತೆಂದಷ್ಟೇ ತಿಳಿಯುತ್ತದೆ. ‘ಹಾಡುಗಾರ’ ಎಂದರೆ ಅವನು ಹಾಡದೆ ಸುಮ್ಮನಿರುವಾಗಲೂ ಆ ಹೆಸರು ಅವನನ್ನು ಬಿಡುವುದಿಲ್ಲ.

ಪುರುಷನು ಪುರುಷನಲ್ಲಿ, ಸ್ತ್ರೀಯು ಸ್ತ್ರೀಯಲ್ಲಿ ಅನುರಕ್ತರಾಗುವುದು ಒಂದು ದೇಶಕ್ಕಾಗಲಿ ಒಂದು ಕಾಲಕ್ಕಾಗಲಿ ಸೀಮಿತವಾದುದಲ್ಲ. ಆದರೆ ಕ್ರೈಸ್ತ ಯೂರೋಪಿನ ಧರ್ಮಶಾಸ್ತ್ರ ದಂಡಶಾಸ್ತ್ರಗಳೆರಡೂ ಬಹುಕಾಲ ಇದನ್ನು ಕೇವಲ ಕೃತ್ಯವೆಂದೇ ಎಣಿಸಿದ್ದವು. ಬೈಬಲ್ಲಿನ ಸೊದೋಮ್ ನಗರದ ಹೆಸರಿನಿಂದ ಹುಟ್ಟಿದ ‘ಸೊಡೊಮಿ’ ಎಂಬ ಮಾತು ಪಾಪಕರ್ಮವೊಂದರ ಹೆಸರಾಗಿತ್ತೇ ಹೊರತು ಮನುಷ್ಯವರ್ಗವೊಂದರ ಹೆಸರಾಗಿರಲಿಲ್ಲ. ಆ ಕರ್ಮವನ್ನು ಯಾವನಾದರೂ ಮಾಡಬಹುದು, ಮಾಡಿದವನು ದಂಡ್ಯನಾಗುವನು ಎಂಬಷ್ಟೇ ಆ ಕಾಲದ ಭಾವನೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾವನೆಯು ಮಾರ್ಪಟ್ಟಿತು. ಕ್ರಿಯಾಶಬ್ದವಿದ್ದ ಸ್ಥಾನದಲ್ಲಿ ಜಾತಿಶಬ್ದವು ನಿಂತಿತು. ‘ನಾನು ಇಂಥವನು, ನನ್ನಂಥವರು ಬಹುಮಂದಿ ಉಂಟು’ ಎಂಬ ಅರಿವು, ಇಂದಿನವರು ಅಸ್ಮಿತೆಯೆಂದು ಕರೆಯುವ ಪ್ರತ್ಯಯವು, ಜನರಲ್ಲಿ ಮೂಡಿತು. ಈ ಪರಿವರ್ತನೆಯು ಅತ್ಯಂತ ಸ್ಪಷ್ಟವಾಗಿ ಕಾಣಬರುವುದು ಜರ್ಮನಿಯ ರಾಜಧಾನಿಯಾದ ಬರ್ಲಿನ್ನಿನಲ್ಲಿ. ಅದು ಯಾವ ಕಾರಣಗಳಿಂದ ಅಲ್ಲಿ ಸಂಭವಿಸಿತು, ಆ ಹೊಸ ಸಂಜ್ಞೆಯು ತನ್ನನ್ನು ಧರಿಸಿದವರಿಗೆ ಯಾವ ಫಲವನ್ನು ಕೊಟ್ಟಿತು ಎಂಬುದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ.

ಶಾಸನವಿಚಾರ

ಚಕ್ರವರ್ತಿ ಐದನೆಯ ಚಾರ್ಲ್ಸನು ೧೫೩೨ರಲ್ಲಿ ಹೊರಡಿಸಿದ ದಂಡಸಂಹಿತೆಯ ೧೧೬ನೆಯ ವಿಧಿಯು ಇಂಥ ಕೃತ್ಯಕ್ಕೆ ಅಗ್ನಿಯಲ್ಲಿ ದಹಿಸುವ ಶಿಕ್ಷೆಯನ್ನು ವಿಧಿಸಿತ್ತು. ಪುರುಷನು ಪುರುಷನೊಡನೆ, ಸ್ತ್ರೀಯು ಸ್ತ್ರೀಯೊಡನೆ, ಮನುಷ್ಯನು ಪಶುವಿನೊಡನೆ ಎಂಬ ಮೂರನ್ನೂ ಆ ವಿಧಿಯು ಒಂದೇ ಸಾಲಿನಲ್ಲಿ ಹೇಳಿದುದನ್ನು ನೋಡಿದರೆ, ಶಾಸನಕರ್ತರ ದೃಷ್ಟಿ ಕರ್ಮದ ಮೇಲಲ್ಲದೆ ಕರ್ತೃವಿನ ಸ್ವಭಾವದ ಮೇಲೆ ಇರಲಿಲ್ಲವೆಂಬುದು ವಿದಿತವಾಗುತ್ತದೆ. ಪ್ರಷ್ಯದ ೧೭೯೪ರ ಸಂಹಿತೆಯು ಮರಣದಂಡನೆಯನ್ನು ಬಿಟ್ಟು ಸೆರೆ, ಚಾವಟಿಯ ಏಟು, ಗಡೀಪಾರು ಇವುಗಳನ್ನು ವಿಧಿಸಿತು. ಫ್ರಾನ್ಸು ೧೭೯೧ರಲ್ಲಿಯೇ ಈ ಅಪರಾಧವನ್ನು ತನ್ನ ಶಾಸನದಿಂದ ತೆಗೆದುಹಾಕಿತ್ತು. ಬವೇರಿಯವು ಆನ್ಸೆಲ್ಮ್ ಫಾಯರ್‌ಬಾಖ್ ಎಂಬ ನ್ಯಾಯಶಾಸ್ತ್ರಜ್ಞನು ರಚಿಸಿದ ಸಂಹಿತೆಯ ಮೂಲಕ ೧೮೧೩ರಲ್ಲಿ ಅದೇ ಹಾದಿಯನ್ನು ಹಿಡಿಯಿತು. ಹನೋವರ್ ರಾಜ್ಯವೂ ೧೮೪೦ರಲ್ಲಿ ಬಹುಮಟ್ಟಿಗೆ ಹಾಗೆಯೇ ಮಾಡಿತು.

ಪ್ರಷ್ಯ ಮಾತ್ರ ಬಿಡಲಿಲ್ಲ. ಅದರ ೧೮೫೧ರ ದಂಡಸಂಹಿತೆಯ ೧೪೩ನೆಯ ವಿಧಿಯು ಪುರುಷರ ನಡುವಣ ಸಂಬಂಧವನ್ನು ಅಪರಾಧವಾಗಿಯೇ ಉಳಿಸಿತು. ೧೮೬೬ರ ಯುದ್ಧದಲ್ಲಿ ಪ್ರಷ್ಯ ಗೆದ್ದು ಹನೋವರನ್ನು ನುಂಗಿತು; ೧೮೭೧ರಲ್ಲಿ ಜರ್ಮನ್ ಸಾಮ್ರಾಜ್ಯವು ಸ್ಥಾಪಿತವಾಯಿತು. ಪ್ರಷ್ಯದ ವಿಧಿಯೇ ೧೭೫ನೆಯ ವಿಧಿಯೆಂಬ ಹೆಸರಿನಿಂದ ೧೮೭೨ರ ಜನವರಿ ೧ರಿಂದ ಸಮಗ್ರ ಸಾಮ್ರಾಜ್ಯಕ್ಕೂ ಅನ್ವಯಿಸಿತು. ನಿನ್ನೆಯವರೆಗೆ ನಿರಪರಾಧಿಗಳಾಗಿದ್ದ ಬವೇರಿಯದವರು ಹನೋವರಿನವರು ಗಡಿಯೊಂದು ಅಳಿಸಿಹೋದ ಮಾತ್ರದಿಂದಲೇ ಅಪರಾಧಿಗಳಾದರು. ಈ ಭಯವೇ ಹೊಸ ಶಬ್ದಗಳನ್ನು ಹುಟ್ಟಿಸಿತು. ಶಾಸನವು ಎಲ್ಲೆಡೆಯೂ ಸೌಮ್ಯವಾಗಿದ್ದರೆ ತಮ್ಮನ್ನು ಸಮರ್ಥಿಸಿಕೊಳ್ಳುವ ಆವಶ್ಯಕತೆ ಯಾರಿಗೂ ಒದಗುತ್ತಿರಲಿಲ್ಲ; ಎಲ್ಲೆಡೆಯೂ ಕ್ರೂರವಾಗಿದ್ದರೆ ಬಾಯಿ ತೆರೆಯುವ ಧೈರ್ಯವು ಯಾರಿಗೂ ಬರುತ್ತಿರಲಿಲ್ಲ.

ಸಂಜ್ಞಾವಿಚಾರ

ಮೊದಲು ಬಾಯಿ ತೆರೆದವನು ಹನೋವರಿನ ನ್ಯಾಯಾಧಿಕಾರಿಯಾಗಿದ್ದ ಕಾರ್ಲ್ ಹೈನ್‌ರಿಖ್ ಉಲ್ರಿಕ್ಸ್. ೧೮೨೫ರಲ್ಲಿ ಹುಟ್ಟಿದ ಈತನು ತನ್ನ ಸ್ವಭಾವದ ಕಾರಣದಿಂದಲೇ ರಾಜೋದ್ಯೋಗವನ್ನು ಬಿಡಬೇಕಾಯಿತು. ೧೮೬೪ರಿಂದ ೧೮೭೯ರ ವರೆಗೆ ಹನ್ನೆರಡು ಪುಸ್ತಿಕೆಗಳನ್ನು ಪ್ರಕಟಿಸಿದನು. ಮೊದಲಿನವುಗಳಲ್ಲಿ ‘ನೂಮ ನುಮಾಂಟಿಯುಸ್’ ಎಂಬ ಗುಪ್ತನಾಮವಿದ್ದಿತು, ೧೮೬೮ರಿಂದ ತನ್ನ ನಿಜವಾದ ಹೆಸರನ್ನೇ ಹಾಕಿದನು. ಪ್ಲೇಟೋವಿನ ‘ಸಿಂಪೋಸಿಯಮ್’ ಎಂಬ ಸಂವಾದಗ್ರಂಥದಲ್ಲಿ ಇಬ್ಬರು ಅಫ್ರೋದಿತೆಯರ ಪ್ರಸ್ತಾಪವುಂಟು. ಒಬ್ಬಳು ಊರನೋಸನ, ಎಂದರೆ ಆಕಾಶದೇವನ, ಮಗಳು. ಇನ್ನೊಬ್ಬಳು ಜ್ಯೂಸ್ ದೇವನಿಗೆ ದಿಯೋನೆಯಲ್ಲಿ ಹುಟ್ಟಿದವಳು. ಪುರುಷರಲ್ಲಿ ಅನುರಾಗವುಳ್ಳ ಪುರುಷನನ್ನು ಉಲ್ರಿಕ್ಸನು ಮೊದಲನೆಯವಳ ಸಂಬಂಧದಿಂದ ‘ಉರ್ನಿಂಗ್’ ಎಂದೂ, ಸ್ತ್ರೀಯರಲ್ಲಿ ಅನುರಾಗವುಳ್ಳವನನ್ನು ಎರಡನೆಯವಳ ಸಂಬಂಧದಿಂದ ‘ದಿಯೋನಿಂಗ್’ ಎಂದೂ ಕರೆದನು. ಜರ್ಮನ್ ಭಾಷೆಯಲ್ಲಿ ಈ ‘ಇಂಗ್’ ಪ್ರತ್ಯಯವು ವಂಶವನ್ನೂ ಸಂಬಂಧವನ್ನೂ ಸೂಚಿಸತಕ್ಕದ್ದು. ಸಂಸ್ಕೃತ ವ್ಯಾಕರಣದ ರೀತಿಯಿಂದ ಹೇಳುವುದಾದರೆ ಇದು ಅಪತ್ಯಾರ್ಥಕ್ಕೆ ಸಮೀಪವಾದ ತದ್ಧಿತಾಂತಪದ. ವಿನತೆಯ ಮಗನು ವೈನತೇಯನಾದಂತೆ ಊರನೋಸನ ಸಂತತಿಯವನು ಉರ್ನಿಂಗ್ ಆದನು. ಪಾಪಿಯೆಂದು ದೂಷಿತನಾದವನಿಗೆ ಹೀಗೆ ಒಂದು ವಂಶವೇ ಪ್ರಾಪ್ತವಾಯಿತು.

ಉರ್ನಿಂಗನ ಶರೀರವು ಪುರುಷನದು, ಅಂತಃಕರಣವು ಸ್ತ್ರೀಯದು, ಇದು ಜನ್ಮದಿಂದಲೇ ಬಂದುದು ಎಂಬುದು ಉಲ್ರಿಕ್ಸನ ಸಿದ್ಧಾಂತ. ಜನ್ಮದಿಂದ ಬಂದುದು ಪ್ರಕೃತಿಸಿದ್ಧ. ಪ್ರಕೃತಿಸಿದ್ಧವಾದುದನ್ನು ‘ಪ್ರಕೃತಿವಿರುದ್ಧ’ವೆಂದು ದಂಡಿಸುವುದು ವ್ಯಾಹತವೆಂದು ಅವನ ವಾದ. ೧೮೬೭ರ ಆಗಸ್ಟ್ ೨೯ರಂದು ಮ್ಯೂನಿಕ್ ನಗರದಲ್ಲಿ ಐನೂರಕ್ಕೂ ಮಿಕ್ಕ ನ್ಯಾಯಶಾಸ್ತ್ರಜ್ಞರ ಸಭೆಯ ಮುಂದೆ ನಿಂತು ಅವನು ಈ ವಿಷಯವನ್ನು ಎತ್ತಿದನು. ಸಭೆಯು ಕೂಗಾಡಿ ಮಾತನ್ನು ಮುಗಿಸಗೊಡಲಿಲ್ಲ. ತರುವಾಯ ಅವನು ದೇಶವನ್ನು ಬಿಟ್ಟು ಇಟಲಿಯ ಲಾಕ್ವಿಲ ಎಂಬ ಊರಿನಲ್ಲಿ ನೆಲಸಿ, ಅಲ್ಲಿಂದ ‘ಅಲೌಡೇ’ ಎಂಬ ಲ್ಯಾಟಿನ್ ಪತ್ರಿಕೆಯನ್ನು ೧೮೮೯ರಿಂದ ನಡೆಸುತ್ತ ೧೮೯೫ರಲ್ಲಿ ತೀರಿಕೊಂಡನು.

ಎರಡನೆಯವನು ವಿಯೆನ್ನದಲ್ಲಿ ೧೮೨೪ರಲ್ಲಿ ಹುಟ್ಟಿದ ಹಂಗರಿಯ ಲೇಖಕ ಕಾರ್ಲ್ ಮರಿಯ ಕೆರ್ಟ್‌ಬೆನಿ. ೧೮೬೮ರ ಮೇ ೬ರಂದು ಉಲ್ರಿಕ್ಸನಿಗೆ ಬರೆದ ಪತ್ರವೊಂದರಲ್ಲಿ ‘ಹೋಮೊಸೆಕ್ಷುಯಲ್’, ‘ಹೆಟೆರೊಸೆಕ್ಷುಯಲ್’ ಎಂಬ ಪದಗಳನ್ನು ಅವನು ಪ್ರಯೋಗಿಸಿದನು. ೧೮೬೯ರಲ್ಲಿ ಪ್ರಷ್ಯದ ನ್ಯಾಯಮಂತ್ರಿಗೆ ಬಿನ್ನಹರೂಪವಾಗಿ ಅಚ್ಚಾದ ಅನಾಮಕ ಪುಸ್ತಿಕೆಗಳಲ್ಲಿ ಮೊದಲನೆಯ ಪದವು ಲೋಕಕ್ಕೆ ಪ್ರಕಟವಾಯಿತು. ‘ಹೋಮೋಸ್’ ಎಂಬುದು ಗ್ರೀಕ್, ಸಮಾನವೆಂದರ್ಥ. ‘ಸೆಕ್ಸುಸ್’ ಎಂಬುದು ಲ್ಯಾಟಿನ್, ಲಿಂಗವೆಂದರ್ಥ. ಎರಡು ಭಾಷೆಗಳ ಪದಗಳನ್ನು ಬೆಸೆದ ಈ ಸಮಾಸವನ್ನು ಕೇಶಿರಾಜನು ನೋಡಿದ್ದರೆ ಅರಿಸಮಾಸವೆಂದು ತಳ್ಳಿಹಾಕುತ್ತಿದ್ದನು. ಹ್ಯಾವ್ಲಾಕ್ ಎಲಿಸನೇ ಮೊದಲಾದ ಆಂಗ್ಲ ವಿದ್ವಾಂಸರೂ ಈ ಸಂಕರವನ್ನು ಆಕ್ಷೇಪಿಸಿದರು. ಆದರೂ ಲೋಕರೂಢಿಯು ವ್ಯಾಕರಣವನ್ನು ಮೀರಿತು. ಉಲ್ರಿಕ್ಸನ ಶುದ್ಧಪದವು ಮರೆಯಾಗಿ ಕೆರ್ಟ್‌ಬೆನಿಯ ಮಿಶ್ರಪದವು ಜಗತ್ತನ್ನು ವ್ಯಾಪಿಸಿತು. ಒಂದು ವರ್ಗಕ್ಕೆ ಹೆಸರಿಟ್ಟೊಡನೆ ಅದರ ಪ್ರತಿಯೋಗಿಗೂ ಹೆಸರಿಡಬೇಕಾಯಿತೆಂಬುದೂ ಇಲ್ಲಿ ಗಮನಾರ್ಹ. ಅದುವರೆಗೆ ‘ಮನುಷ್ಯರು’ ಎಂದಷ್ಟೇ ಎನಿಸಿಕೊಂಡಿದ್ದ ಬಹುಸಂಖ್ಯಾತರೂ ಅಂದಿನಿಂದ ಒಂದು ವರ್ಗವೆನಿಸಿದರು.

ಇವರಿಬ್ಬರ ವಾದಗಳಲ್ಲಿ ಒಂದು ಮುಖ್ಯವಾದ ಭೇದವುಂಟು. ಈ ಸ್ವಭಾವವು ಹುಟ್ಟಿನಿಂದ ಬಂದುದೆಂದು ಸಾಧಿಸುವುದು ಇಬ್ಬಾಯ ಕತ್ತಿಯೆಂದು ಕೆರ್ಟ್‌ಬೆನಿಯು ಉಲ್ರಿಕ್ಸನನ್ನು ಎಚ್ಚರಿಸಿದನು. ಅದು ಜನ್ಮಸಿದ್ಧವೋ ಅಲ್ಲವೋ ಎಂಬುದು ಮಾನವಶಾಸ್ತ್ರಕ್ಕೆ ರಸವತ್ತಾದ ಪ್ರಶ್ನೆಯಿರಬಹುದು. ಪರಸ್ಪರ ಸಮ್ಮತಿಯಿಂದ ಏಕಾಂತದಲ್ಲಿ ನಡೆದು, ಪರರಿಗೆ ಹಾನಿಯನ್ನುಂಟುಮಾಡದ ಕಾರ್ಯದಲ್ಲಿ ರಾಜ್ಯವು ಕೈಹಾಕಬಾರದೆಂಬಷ್ಟೇ ಶಾಸನಕ್ಕೆ ಸಾಕು ಎಂಬುದು ಅವನ ಪಕ್ಷ. ಈ ಎಚ್ಚರಿಕೆಯ ಬೆಲೆ ಮುಂದೆ ತಿಳಿದುಬರುವುದು.

ಮೂರನೆಯವರು ವೈದ್ಯರು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಮನೋವೈದ್ಯನಾದ ಕಾರ್ಲ್ ವೆಸ್ಟ್‌ಫಾಲನು ಅದೇ ೧೮೬೯ರ ಸುಮಾರಿಗೆ ಸ್ತ್ರೀಯರಲ್ಲಿ ಅನುರಾಗವುಳ್ಳ ಸ್ತ್ರೀಯೊಬ್ಬಳ ಮತ್ತು ಸ್ತ್ರೀವೇಷಧಾರಿಯಾದ ಪುರುಷನೊಬ್ಬನ ವೃತ್ತಾಂತಗಳನ್ನು ಪ್ರಕಟಿಸಿ, ಇದು ಒಂದು ‘ವಿಪರೀತ ಲೈಂಗಿಕ ಸಂವೇದನೆ’ಯೆಂದು ಹೆಸರಿಟ್ಟನು. ಕ್ರಾಫ್ಟ್-ಎಬಿಂಗನ ೧೮೮೬ರ ವೈದ್ಯಗ್ರಂಥವು ಈ ವಿಷಯವನ್ನು ಯೂರೋಪಿನಾದ್ಯಂತ ಹರಡಿತು. ಹೀಗೆ ಬಿಡುಗಡೆಗಾಗಿ ಹುಟ್ಟಿದ ಜಾತಿಶಬ್ದವು ಒಂದೇ ತಲೆಮಾರಿನೊಳಗೆ ರೋಗಲಕ್ಷಣಗಳ ಪಟ್ಟಿಯಲ್ಲಿಯೂ ಸೇರಿತು.

ನಗರವಿಚಾರ

ಶಬ್ದವು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ತನ್ನದೆಂದು ಒಪ್ಪುವ ಜನರೂ ಅವರು ಕೂಡುವ ಸ್ಥಳವೂ ಬೇಕು. ೧೮೭೧ರಲ್ಲಿ ಸುಮಾರು ಎಂಟು ಲಕ್ಷವಿದ್ದ ಬರ್ಲಿನ್ನಿನ ಜನಸಂಖ್ಯೆ ೧೯೦೦ರ ವೇಳೆಗೆ ಸುಮಾರು ಹತ್ತೊಂಬತ್ತು ಲಕ್ಷವಾಯಿತು. ಹಳ್ಳಿಯಲ್ಲಿ ನೂರು ಕಣ್ಣುಗಳ ಕಾವಲಿನಲ್ಲಿದ್ದವನು ಇಲ್ಲಿ ಬಾಡಿಗೆಯ ಕೋಣೆಯಲ್ಲಿ ಅಜ್ಞಾತನಾಗಿ ಬಾಳಬಹುದಾಗಿತ್ತು.

ಪೊಲೀಸ್ ಇಲಾಖೆಯ ನೀತಿಯೂ ವಿಚಿತ್ರವಾದುದು. ೧೭೫ನೆಯ ವಿಧಿಯಂತೆ ಶಿಕ್ಷೆಯಾಗಬೇಕಾದರೆ ಸಂಭೋಗಸದೃಶವಾದ ಕ್ರಿಯೆಯು ನಡೆಯಿತೆಂದು ಸಿದ್ಧಪಡಿಸಬೇಕೆಂದು ನ್ಯಾಯಾಲಯಗಳು ವ್ಯಾಖ್ಯಾನಿಸಿದ್ದವು. ಏಕಾಂತದಲ್ಲಿ ನಡೆದುದಕ್ಕೆ ಸಾಕ್ಷಿಯೆಲ್ಲಿಯದು? ಇದಕ್ಕಿಂತ ಹೆಚ್ಚಾಗಿ, ಶಾಸನದ ಹೆದರಿಕೆಯನ್ನು ತೋರಿಸಿ ಹಣ ಕೀಳುವ ದುಷ್ಟರ ಕಾಟವು ಹಬ್ಬಿತು. ಆದುದರಿಂದ ೧೮೮೫ರಲ್ಲಿ ಬರ್ಲಿನ್ ಪೊಲೀಸರು ಲಿಯೊಪೋಲ್ಡ್ ಫಾನ್ ಮೇರ್‌ಷೈಟ್-ಹ್ಯುಲೆಸ್ಸೆಮ್ ಎಂಬ ಅಧಿಕಾರಿಯ ಕೈಕೆಳಗೆ ಇದಕ್ಕಾಗಿಯೇ ಒಂದು ವಿಭಾಗವನ್ನು ಏರ್ಪಡಿಸಿದರು. ಈತನು ಪಾನಗೃಹಗಳನ್ನೂ ನೃತ್ಯಕೂಟಗಳನ್ನೂ ಮುಚ್ಚಿಸದೆ ಅವುಗಳ ಮೇಲೆ ಕಣ್ಣಿಟ್ಟಿರುವ ನೀತಿಯನ್ನು ಹಿಡಿದನು. ವೈದ್ಯರನ್ನೂ ಲೇಖಕರನ್ನೂ ಅಲ್ಲಿಗೆ ಕರೆದೊಯ್ದು ತೋರಿಸುತ್ತಲೂ ಇದ್ದನು. ಸಹನೆಯೂ ಪಟ್ಟಿಯೂ ಒಂದೇ ಕಛೇರಿಯಲ್ಲಿ ಹುಟ್ಟಿದುವೆಂಬುದನ್ನು ಇಲ್ಲಿ ನೆನಪಿಡಬೇಕು.

ಈ ನಗರದ ಪಶ್ಚಿಮಕ್ಕೆ ಹೊಂದಿದ ಷಾರ್ಲೊಟೆನ್‌ಬುರ್ಗಿನಲ್ಲಿ ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡನು ೧೮೯೭ರ ಮೇ ತಿಂಗಳಲ್ಲಿ ಪ್ರಕಾಶಕ ಮಾಕ್ಸ್ ಸ್ಪೋರ್ ಮೊದಲಾದವರೊಡಗೂಡಿ ‘ವೈಜ್ಞಾನಿಕ ಮಾನವಹಿತ ಸಮಿತಿ’ಯನ್ನು ಸ್ಥಾಪಿಸಿದನು. ವಿಜ್ಞಾನದ ಮೂಲಕ ನ್ಯಾಯವನ್ನು ಪಡೆಯಬೇಕೆಂಬುದು ಅದರ ಧ್ಯೇಯ. ಸಲಿಂಗಾನುರಾಗಿಗಳ ಹಕ್ಕಿಗಾಗಿ ಲೋಕದಲ್ಲಿ ಹುಟ್ಟಿದ ಸಂಘಗಳಲ್ಲಿ ಇದೇ ಮೊದಲನೆಯದೆಂದು ಇತಿಹಾಸಕಾರರು ಎಣಿಸುತ್ತಾರೆ. ೧೭೫ನೆಯ ವಿಧಿಯನ್ನು ರದ್ದುಮಾಡಬೇಕೆಂಬ ಅರ್ಜಿಯು ಸಿದ್ಧವಾಯಿತು. ಮುಂದೆ ಅದಕ್ಕೆ ಐನ್‌ಸ್ಟೈನ್, ತೋಮಸ್ ಮಾನ್, ಹೆರ್ಮನ್ ಹೆಸ್ಸೆಯಂಥವರೂ ರುಜುಹಾಕಿದರು. ಸಮಾಜವಾದಿ ನಾಯಕ ಆಗುಸ್ಟ್ ಬೆಬೆಲನು ೧೮೯೮ರ ಜನವರಿ ೧೩ರಂದು ಪ್ರತಿನಿಧಿಸಭೆಯಲ್ಲಿ ಅದನ್ನು ಸಮರ್ಥಿಸಿ, ಪೊಲೀಸರು ತಮ್ಮ ಕರ್ತವ್ಯವನ್ನು ನಿಜವಾಗಿ ನೆರವೇರಿಸಿದರೆ ಬರ್ಲಿನ್ ಒಂದಕ್ಕೇ ಹೊಸ ಸೆರೆಮನೆಗಳನ್ನು ಕಟ್ಟಿಸಬೇಕಾದೀತೆಂದು ಚುಚ್ಚಿ ನುಡಿದನು. ಸಮಿತಿಯ ವಾರ್ಷಿಕ ಗ್ರಂಥವು ೧೮೯೯ರಿಂದ ೧೯೨೩ರ ವರೆಗೆ ಹೊರಬಂದಿತು. ಹಿರ್ಷ್‌ಫೆಲ್ಡನು ೧೯೦೪ರಲ್ಲಿ ಬರೆದ ‘ಬರ್ಲಿನ್ನಿನ ತೃತೀಯ ಲಿಂಗ’ ಎಂಬ ಪುಸ್ತಕವು ನಗರದ ಪಾನಗೃಹಗಳನ್ನೂ ಕೂಟಗಳನ್ನೂ, ಮನೆಯವರಿಂದ ದೂರವಾದವರು ಕ್ರಿಸ್ಮಸ್ ರಾತ್ರಿಯನ್ನು ಕಳೆಯುವ ಬಗೆಯನ್ನೂ ವರ್ಣಿಸುತ್ತದೆ. ದೂರದ ಊರಿನಲ್ಲಿ ಒಂಟಿಯಾಗಿದ್ದವನಿಗೆ ಇಂಥ ಪುಸ್ತಕವು ತನ್ನವರು ಎಲ್ಲಿರುವರೆಂದು ತೋರಿಸುವ ಕೈದೀವಿಗೆಯಾಯಿತು.

ಪಕ್ಷಭೇದ

ಒಂದು ವರ್ಗವು ತನ್ನನ್ನು ತಾನು ಅರಿತುಕೊಂಡಿತೆಂಬುದಕ್ಕೆ ಅದರೊಳಗಣ ವಾದವಿವಾದವೇ ಪ್ರಮಾಣ. ಅಡೋಲ್ಫ್ ಬ್ರಾಂಡನು ೧೮೯೬ರಲ್ಲಿ ‘ಡೆರ್ ಐಗೆನೆ’ ಎಂಬ ಪತ್ರಿಕೆಯನ್ನೂ, ೧೯೦೩ರಲ್ಲಿ ಅದೇ ಹೆಸರನ್ನು ಹೊಂದಿದ ಸಂಘವನ್ನೂ ಆರಂಭಿಸಿದನು. ಈ ಪಕ್ಷದವರು ‘ತೃತೀಯ ಲಿಂಗ’ವೆಂಬ ಕಲ್ಪನೆಯನ್ನು ಒಪ್ಪಲಿಲ್ಲ. ಪುರುಷರ ನಡುವಣ ಪ್ರೇಮವು ಪುರುಷತ್ವದ ನ್ಯೂನತೆಯಲ್ಲ, ಪ್ರಾಚೀನ ಗ್ರೀಸಿನಲ್ಲಿದ್ದಂತೆ ಸಖ್ಯದ ಪರಾಕಾಷ್ಠೆ. ಅದನ್ನು ವೈದ್ಯರ ಕೈಗೆ ಒಪ್ಪಿಸುವುದು ಅವಮಾನಕರ ಎಂಬುದು ಅವರ ವಾದ. ಈ ವಾದದಲ್ಲಿ ತಥ್ಯಾಂಶವಿದ್ದರೂ ಸ್ತ್ರೀಯರನ್ನು ಕೀಳಾಗಿ ಕಾಣುವ ದೋಷವು ಅದಕ್ಕೆ ಅಂಟಿಕೊಂಡಿತ್ತು.

ಹಿರ್ಷ್‌ಫೆಲ್ಡನ ಸಿದ್ಧಾಂತವೂ ಒಂದೆಡೆ ನಿಲ್ಲಲಿಲ್ಲ. ಸ್ತ್ರೀತ್ವ ಪುಂಸ್ತ್ವಗಳು ಪ್ರತಿಯೊಬ್ಬ ಮನುಷ್ಯನಲ್ಲಿಯೂ ನಾನಾ ಪ್ರಮಾಣಗಳಲ್ಲಿ ಬೆರೆತಿರುವುವೆಂದು ಹೇಳಿ, ಹದಿನಾರು ಲಕ್ಷಣಗಳಿಗೆ ಮೂರು ಮೂರು ವಿಕಲ್ಪಗಳಂತೆ ಲೆಕ್ಕಹಾಕಿ, ೪,೩೦,೪೬,೭೨೧ ಭೇದಗಳು ಸಂಭವಿಸುವುವೆಂದು ಅವನು ತೋರಿಸಿದನು. ಇಷ್ಟು ಭೇದಗಳನ್ನು ಒಪ್ಪಿದ ಮೇಲೆ ಜಾತಿಯು ಕರಗಿ ವ್ಯಕ್ತಿಯೇ ಉಳಿಯುತ್ತಾನೆ. ವರ್ಗವನ್ನು ಕಟ್ಟಿದವನ ಶಾಸ್ತ್ರವೇ ವರ್ಗದ ಗೋಡೆಗಳನ್ನು ಸಡಿಲಿಸಿತೆಂಬುದು ಸ್ವಾರಸ್ಯವಾದ ವಿಷಯ.

ಸ್ತ್ರೀಯರು ೧೭೫ನೆಯ ವಿಧಿಗೆ ಒಳಪಟ್ಟಿರದಿದ್ದರೂ ಈ ಚರಿತ್ರೆಯ ಹೊರಗಿರಲಿಲ್ಲ. ಅನ್ನ ರ್ಯೂಲಿಂಗ್ ಎಂಬ ಹೆಸರಿನ ಲೇಖಕಿಯು ೧೯೦೪ರಲ್ಲಿ ಸಮಿತಿಯ ವಾರ್ಷಿಕ ಸಭೆಯಲ್ಲಿ ಉಪನ್ಯಾಸಮಾಡಿ, ಮಹಿಳಾ ಚಳುವಳಿಗಾಗಿ ದುಡಿದ ಸ್ತ್ರೀಯರಲ್ಲಿ ಇಂಥವರು ಅನೇಕರಿದ್ದರೂ ಆ ಚಳುವಳಿಯು ಇವರ ವಿಷಯದಲ್ಲಿ ಮೌನವಹಿಸಿದೆಯೆಂದು ಆಕ್ಷೇಪಿಸಿದಳು. ೧೯೦೯ರ ಕರಡು ಸಂಹಿತೆಯು ಆ ವಿಧಿಯನ್ನು ಸ್ತ್ರೀಯರಿಗೂ ವಿಸ್ತರಿಸಹೊರಟಾಗ ಹೆಲೆನೆ ಸ್ಟ್ಯೋಕರ್ ಮೊದಲಾದವರು ಪ್ರತಿಭಟಿಸಿದರು, ಅದು ಶಾಸನವಾಗಲಿಲ್ಲ.

ಉತ್ಕರ್ಷ ಮತ್ತು ವಿನಾಶ

ಮೊದಲನೆಯ ಮಹಾಯುದ್ಧದಲ್ಲಿ ಸಾಮ್ರಾಜ್ಯವು ಬಿದ್ದು ಗಣರಾಜ್ಯವು ಬಂದೊಡನೆ ಮುದ್ರಣಕ್ಕಿದ್ದ ಕಟ್ಟುಗಳು ಸಡಿಲವಾದುವು. ೧೯೧೯ರ ಜುಲೈ ತಿಂಗಳಲ್ಲಿ ಟೀರ್‌ಗಾರ್ಟನ್ ಉದ್ಯಾನದ ಅಂಚಿನಲ್ಲಿ ಹಿರ್ಷ್‌ಫೆಲ್ಡನ ‘ಲೈಂಗಿಕವಿಜ್ಞಾನ ಸಂಸ್ಥೆ’ಯು ತೆರೆಯಿತು, ಚಿಕಿತ್ಸಾಲಯ, ಗ್ರಂಥಭಂಡಾರ, ಉಪನ್ಯಾಸಶಾಲೆಗಳು ಅಲ್ಲಿ ಒಂದೇ ಸೂರಿನಡಿ ಇದ್ದುವು. ಅದೇ ವರ್ಷ ರಿಖಾರ್ಡ್ ಓಸ್ವಾಲ್ಡನು ತಯಾರಿಸಿದ ‘ಆಂಡರ್ಸ್ ಆಲ್ಸ್ ಡೀ ಆಂಡರ್ನ್’ ಎಂಬ ಚಲಚ್ಚಿತ್ರವು, ಬೆದರಿಕೆಗೆ ಸಿಕ್ಕಿ ಪ್ರಾಣವನ್ನು ಕಳೆದುಕೊಂಡ ಪಿಟೀಲುವಾದಕನ ಕಥೆಯನ್ನು ತೋರಿಸಿತು. ಮರುವರ್ಷ ಅದರ ಸಾರ್ವಜನಿಕ ಪ್ರದರ್ಶನವು ನಿಷಿದ್ಧವಾಯಿತು. ‘ಡೀ ಫ್ರೌಂಡ್‌ಷಾಫ್ಟ್’, ಸ್ತ್ರೀಯರಿಗಾಗಿ ‘ಡೀ ಫ್ರೌಂಡಿನ್’ ಮುಂತಾದ ಪತ್ರಿಕೆಗಳು ಬೀದಿಯ ಅಂಗಡಿಗಳಲ್ಲಿ ಮಾರಾಟವಾದುವು. ೧೯೨೩ರಲ್ಲಿ ಫ್ರೀಡ್‌ರಿಖ್ ರಾಡ್ಸುವೈಟನ ನಾಯಕತ್ವದಲ್ಲಿ ‘ಮಾನವಹಕ್ಕಿನ ಸಂಘ’ವು ಸಂಘಟಿತವಾಯಿತು. ಪಂಡಿತರ ಶಬ್ದವು ಹೀಗೆ ಗುಮಾಸ್ತರ, ಕಾರ್ಮಿಕರ, ಅಂಗಡಿಯ ಹುಡುಗಿಯರ ಶಬ್ದವಾಯಿತು.

೧೯೨೯ರ ಅಕ್ಟೋಬರ್ ೧೬ರಂದು ಪ್ರತಿನಿಧಿಸಭೆಯ ದಂಡಶಾಸನ ಸಮಿತಿಯು ೧೭೫ನೆಯ ವಿಧಿಯನ್ನು ತೆಗೆದುಹಾಕಬೇಕೆಂದು ೧೩ರ ವಿರುದ್ಧ ೧೫ ಮತಗಳಿಂದ ತೀರ್ಮಾನಿಸಿತು. ಆದರೆ ಆರ್ಥಿಕ ಸಂಕಟವೂ ರಾಜಕೀಯ ಕ್ಷೋಭೆಯೂ ಅಡ್ಡಬಂದು ಆ ಸಂಹಿತೆಯು ಶಾಸನವಾಗದೆ ಉಳಿಯಿತು. ಹಿಟ್ಲರನು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಪಾನಗೃಹಗಳು ಮುಚ್ಚಿದುವು, ಪತ್ರಿಕೆಗಳು ನಿಂತುವು. ೧೯೩೩ರ ಮೇ ೬ರಂದು ವಿದ್ಯಾರ್ಥಿಗಳ ಗುಂಪೊಂದು ಹಿರ್ಷ್‌ಫೆಲ್ಡನ ಸಂಸ್ಥೆಯನ್ನು ಸೂರೆಮಾಡಿತು. ೧೦ರಂದು ಅದರ ಗ್ರಂಥಗಳು ಒಪೆರಾ ಚೌಕದಲ್ಲಿ ಬೆಂಕಿಗೆ ಬಿದ್ದುವು. ಯೆಹೂದ್ಯನೂ ಸುಧಾರಕನೂ ಆಗಿದ್ದುದರಿಂದ ಎರಡು ಬಗೆಯ ದ್ವೇಷಕ್ಕೆ ಗುರಿಯಾಗಿದ್ದ ಹಿರ್ಷ್‌ಫೆಲ್ಡನು ಸ್ವದೇಶಕ್ಕೆ ಮರಳಲಾರದೆ ೧೯೩೫ರ ಮೇ ೧೪ರಂದು, ತನ್ನ ಅರುವತ್ತೇಳನೆಯ ಹುಟ್ಟುಹಬ್ಬದ ದಿನವೇ, ಫ್ರಾನ್ಸಿನ ನೀಸ್ ನಗರದಲ್ಲಿ ಮಡಿದನು.

ಆಗ ಕೆರ್ಟ್‌ಬೆನಿಯ ಎಚ್ಚರಿಕೆಯು ನಿಜವಾಯಿತು. ೧೯೩೪ರಲ್ಲಿ ಗೆಸ್ಟಾಪೊ ದೇಶದ ಪೊಲೀಸರಿಂದ ಸಲಿಂಗಾನುರಾಗಿಗಳ ಪಟ್ಟಿಗಳನ್ನು ತರಿಸಿಕೊಂಡಿತು. ೧೯೩೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯು ಸಂಭೋಗಸದೃಶ ಕ್ರಿಯೆಯ ಸಾಕ್ಷ್ಯವನ್ನು ಅನಾವಶ್ಯಕವೆನಿಸಿತು. ಕೃತ್ಯವು ಹಿಂದೆ ಸರಿದು ವ್ಯಕ್ತಿಯೇ ದಂಡನೆಗೆ ವಿಷಯನಾದನು. ನಾತ್ಸಿ ಆಳ್ವಿಕೆಯಲ್ಲಿ ಸುಮಾರು ೫೦,೦೦೦ ಪುರುಷರು ಈ ವಿಧಿಯಂತೆ ಶಿಕ್ಷೆಗೊಳಗಾದರು. ೫,೦೦೦ದಿಂದ ೧೫,೦೦೦ದ ವರೆಗೆ ಜನರು ಯಾತನಾಶಿಬಿರಗಳಿಗೆ ಹೋದರೆಂದು ವಿದ್ವಾಂಸರ ಅಂದಾಜು. ಎದೆಯ ಮೇಲೆ ಹೊಲಿದ ಗುಲಾಬಿ ಬಣ್ಣದ ತ್ರಿಕೋನವು ಅಲ್ಲಿ ಅವರ ಜಾತಿಚಿಹ್ನೆಯಾಗಿತ್ತು. ಯುದ್ಧವು ಮುಗಿದರೂ ಅವರ ಸಂಕಟವು ಮುಗಿಯಲಿಲ್ಲ. ಪಶ್ಚಿಮ ಜರ್ಮನಿಯು ೧೯೩೫ರ ವಿಧಿಯನ್ನೇ ೧೯೬೯ರ ವರೆಗೆ ಉಳಿಸಿಕೊಂಡಿತು. ವಿಧಿಯು ಸಂಪೂರ್ಣವಾಗಿ ತೊಲಗಿದುದು ೧೯೯೪ರಲ್ಲಿ. ನಾತ್ಸಿ ಕಾಲದ ತೀರ್ಪುಗಳು ೨೦೦೨ರಲ್ಲಿಯೂ, ಯುದ್ಧಾನಂತರದವು ೨೦೧೭ರಲ್ಲಿಯೂ ರದ್ದಾದುವು.

ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಲಂಡನ್ನಿನಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ‘ಮಾಲಿ’ಗಳೆಂಬವರ ಕೂಟಗೃಹಗಳಿದ್ದುವು, ೧೭೨೬ರಲ್ಲಿ ಮಾರ್ಗರೆಟ್ ಕ್ಲಾಪ್ ಎಂಬವಳ ಮನೆಯ ಮೇಲೆ ದಾಳಿಯಾಗಿ ಕೆಲವರು ನೇಣಿಗೇರಿದರು. ಅವರಿಗೂ ತಮ್ಮದೇ ಆದ ಸಂಕೇತಭಾಷೆ, ಆಚಾರಗಳು ಇದ್ದುವು. ಹೀಗಿರಲು ಬರ್ಲಿನ್ನಿಗೆ ಪ್ರಾಥಮ್ಯವನ್ನು ಕೊಡುವುದೆಂತು? ಫ್ರೆಂಚ್ ಚಿಂತಕ ಮಿಷೆಲ್ ಫೂಕೋ ೧೯೭೬ರಲ್ಲಿ ವೆಸ್ಟ್‌ಫಾಲನ ಲೇಖನವನ್ನೇ ಈ ವರ್ಗದ ಜನ್ಮಪತ್ರಿಕೆಯೆಂದು ಗಣಿಸಿ, ವೈದ್ಯಶಾಸ್ತ್ರವೇ ಇದನ್ನು ಸೃಷ್ಟಿಸಿತೆಂದನು. ಹಾಗಾದರೆ ನಗರದ ಪಾತ್ರವೇನು?

ಇದಕ್ಕೆ ಸಮಾಧಾನವಿಷ್ಟು. ಕೂಟವಿದ್ದ ಮಾತ್ರಕ್ಕೆ ಸಂಜ್ಞೆಯಿದ್ದಂತಾಗುವುದಿಲ್ಲ. ಲಂಡನ್ನಿನವರ ಹೆಸರು ಗುಟ್ಟಿನ ಹೆಸರು. ಅದನ್ನು ಅಚ್ಚು ಹಾಕಿಸಿ, ಮಂತ್ರಿಗೆ ಬಿನ್ನವಿಸಿ, ಶಾಸನವನ್ನು ತಿದ್ದೆಂದು ಯಾರೂ ಕೇಳಲಿಲ್ಲ. ವೈದ್ಯರು ಮಾತ್ರವೇ ಕಾರಣರೆಂಬುದೂ ಯುಕ್ತವಲ್ಲ. ಏಕೆಂದರೆ ವೆಸ್ಟ್‌ಫಾಲನಿಗಿಂತ ಐದು ವರ್ಷ ಮೊದಲೇ ಉಲ್ರಿಕ್ಸನು ತನ್ನಂಥವರಿಗೆ ತಾನೇ ಹೆಸರಿಟ್ಟಿದ್ದನು. ವಸ್ತುವೇ ತನ್ನ ಸಂಜ್ಞೆಯನ್ನು ಕಟ್ಟಿಕೊಂಡಿತು, ವೈದ್ಯನು ಅದನ್ನು ಎತ್ತಿಕೊಂಡನು, ಪೊಲೀಸನು ಬರೆದಿಟ್ಟನು, ಮುದ್ರಕನು ಹರಡಿದನು. ಈ ನಾಲ್ವರೂ ಒಂದೇ ಊರಿನಲ್ಲಿ ಕೂಡಿದುದೇ ಬರ್ಲಿನ್ನಿನ ವೈಶಿಷ್ಟ್ಯ. ರಾಬರ್ಟ್ ಬೀಚಿ ಎಂಬ ಇತಿಹಾಸಕಾರನು ೨೦೧೪ರಲ್ಲಿ ಪ್ರಕಟಿಸಿದ ಗ್ರಂಥವೂ ಬಹುಮಟ್ಟಿಗೆ ಈ ಅಭಿಪ್ರಾಯವನ್ನೇ ಪುಷ್ಟೀಕರಿಸುತ್ತದೆ.

ಉಪಸಂಹಾರ

ಹಿರ್ಷ್‌ಫೆಲ್ಡನು ತನ್ನ ಲೋಕಪ್ರವಾಸದಲ್ಲಿ ೧೯೩೧ರಲ್ಲಿ ಭಾರತಕ್ಕೂ ಬಂದಿದ್ದನು. ಅವನಿಗಿಂತ ದೀರ್ಘವಾದ ಪ್ರವಾಸವನ್ನು ಮಾಡಿದುದು ಕೆರ್ಟ್‌ಬೆನಿಯ ಶಬ್ದ. ಇಂದು ಕನ್ನಡದಲ್ಲಿ ಬಳಕೆಯಲ್ಲಿರುವ ‘ಸಲಿಂಗಕಾಮಿ’ ಎಂಬ ಮಾತು ಅದರ ಛಾಯೆಯೇ. ಇದರ ಕೊನೆಯ ‘ಇನ್’ ಪ್ರತ್ಯಯವನ್ನು ತಾಚ್ಛೀಲ್ಯಾರ್ಥದಲ್ಲಿ ಗ್ರಹಿಸಿದರೆ, ಎಂದೋ ಮಾಡಿದ ಕ್ರಿಯೆಯನ್ನಲ್ಲದೆ ಶೀಲವನ್ನೇ ಅದು ಬೋಧಿಸುತ್ತದೆ. ಬರ್ಲಿನ್ನಿನಲ್ಲಿ ನಡೆದ ಅರ್ಥಪರಿವರ್ತನೆಯು ಕನ್ನಡದ ಪ್ರತ್ಯಯದಲ್ಲಿಯೂ ಮುದ್ರಿತವಾಗಿದೆ. ಭಾರತದ ೧೮೬೦ರ ದಂಡಸಂಹಿತೆಯ ೩೭೭ನೆಯ ವಿಧಿಯು ಹಳೆಯ ಯೂರೋಪಿನಂತೆ ಕೃತ್ಯವನ್ನು ಮಾತ್ರ ಹೆಸರಿಸಿತ್ತು. ೨೦೧೮ರ ಸೆಪ್ಟೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಬಿಡಿಸಿದಾಗ ವ್ಯಕ್ತಿಗಳ ಘನತೆಯನ್ನು ಕುರಿತು ಮಾತಾಡಿತು.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಸಿದ್ಧವಾಗುವುದಿಷ್ಟು. ಹೆಸರಿಲ್ಲದವನು ತನ್ನವರನ್ನು ಗುರುತಿಸಲಾರನು, ನ್ಯಾಯವನ್ನೂ ಕೇಳಲಾರನು. ಆದುದರಿಂದ ಉಲ್ರಿಕ್ಸನ ನಾಮಕರಣವು ಅನಿವಾರ್ಯವಾಗಿದ್ದಿತು. ಆದರೆ ಹೆಸರುಳ್ಳವನನ್ನು ಪಟ್ಟಿಯಲ್ಲಿ ಸೇರಿಸುವುದೂ ಸುಲಭ. ಅವನ ರಕ್ಷಣೆಯು ಅವನ ಜಾತಿ ಯಾವುದು, ಅದು ಜನ್ಮಸಿದ್ಧವೇ ಅಲ್ಲವೇ ಎಂಬ ನಿರ್ಣಯದ ಮೇಲೆ ನಿಂತಿದ್ದರೆ, ಆ ನಿರ್ಣಯವನ್ನು ಮಾಡುವವರು ಬದಲಾದಾಗ ರಕ್ಷಣೆಯೂ ಕುಸಿಯುತ್ತದೆ. ಮನುಷ್ಯನೆಂಬ ಸಾಮಾನ್ಯಧರ್ಮದ ಮೇಲೆಯೇ ಅದನ್ನು ನಿಲ್ಲಿಸಬೇಕೆಂಬ ಕೆರ್ಟ್‌ಬೆನಿಯ ಪಕ್ಷವೇ ಇಲ್ಲಿ ಸಿದ್ಧಾಂತವಾಗಿ ನಿಲ್ಲುತ್ತದೆ.